ಸುತ್ತಿಗೆ ತೂಗುವ ಗಂಟು

ಜನವರಿ ೧೨

ಬೆಂಡು,

ಇಷ್ಟು ವರ್ಷವಾದ ಮೇಲೆ ಅಕ್ಕನಿಗೆ ಈಗ ನೆನಪಾಯಿತೇ ಎಂದು ಮೂಗು ಮುರಿಯಬೇಡ. ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಜಗಳವಾಡಬೇಕು ಅನ್ನಿಸುತ್ತದೆ. ಕಾಗದದಲ್ಲಾದರೆ ಬಾಯಿಗೆ ಬಂದದ್ದು ಕೈಗೆ ಇಳಿಯುವಷ್ಟರಲ್ಲಿ ಅರ್ಧ ತಣ್ಣಗಾಗಿರುತ್ತದೆ.

ಹೊಲಿಗೆ ಅಂಗಡಿಗೆ ಬಣ್ಣ ಹೊಡೆಸೋಣವೆಂದು ಅಟ್ಟದ ಸಾಮಾನೆಲ್ಲ ಕೆಳಗಿಳಿಸಿದೆ. ಅಪ್ಪನ ಸೈಕಲ್ ಅಂಗಡಿಯ ಕಾಲದ ಗೋಣಿಚೀಲವೊಂದು ಸಿಕ್ಕಿತು. ಒಳಗೆ ಏನಿತ್ತು ಹೇಳು ನೋಡೋಣ? ನಮ್ಮ ಗಾಳದ ಕೋಲು ಕಣೇ! ಕೆಟ್ಟ ರೇಡಿಯೋದಿಂದ ಕಿತ್ತ ಏರಿಯಲ್, ಸೈಕಲ್ ಹ್ಯಾಂಡಲ್ಲಿನ ರಬ್ಬರ್ ಹಿಡಿ, ಹೊಲಿಗೆ ಯಂತ್ರದ ಬಾಬಿನ್ನಿನಲ್ಲಿ ಮಾಡಿದ ರೀಲು, ದಾರ ಹಾಯಲು ಸೇಫ್ಟಿ ಪಿನ್ನಿನ ಸುರುಳಿ ಕತ್ತರಿಸಿ ಕೂರಿಸಿದ ಉಂಗುರಗಳು. ಅಮ್ಮ ಪಿನ್ನುಗಳನ್ನು ಬಚ್ಚಿಡುತ್ತಿದ್ದದ್ದು ಕಳ್ಳರಿಗೆ ಹೆದರಿ ಅಲ್ಲ, ನಮಗೆ ಹೆದರಿ.

ಏರಿಯಲ್ ಈಗಲೂ ಎಳೆದರೆ ಉದ್ದವಾಗುತ್ತದೆ. ಕೊನೆಯ ತುಂಡು ಮಾತ್ರ ಸ್ವಲ್ಪ ಮುನಿಸಿಕೊಂಡಿದೆ. ತುದಿಯ ಉಂಗುರ ಕಿತ್ತು ಬಂದಿದೆ. ಅದನ್ನು ನೀನು ದಾರ ಸುತ್ತಿ ಕೂರಿಸುತ್ತಿದ್ದೆ, ದಾರದ ಕೊನೆ ಎಲ್ಲಿ ಹೋಯಿತೆಂದು ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಗಂಟು ಕಟ್ಟುವುದು ನನ್ನ ಕೆಲಸ, ಸುತ್ತುವುದು ನಿನ್ನದು. ಅದು ಹೇಗೆಂದು ಬರೆದು ಕಳಿಸು. ಬೇರೆ ವಿಶೇಷವಿಲ್ಲ.

ಇಂತಿ ನಿನ್ನ ಅಕ್ಕ,
ಗುಂಡು


ಜನವರಿ ೨೯

ಅಕ್ಕಾ,

ಮೂಗು ಮುರಿಯಲಿಲ್ಲ. ಕವರಿನ ಮೇಲೆ ನಿನ್ನ ಅಕ್ಷರ ನೋಡಿ, ನಾನು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ಗಿರಾಕಿಯೊಬ್ಬರು, "ಏನಮ್ಮ, ಮಾತ್ರೆ ನಿಮಗೇ ಬೇಕಾ ಹೇಗೆ?" ಅಂದರು.

ನನ್ನನ್ನು ಬೆಂಡು ಅಂತ ಯಾರಾದರೂ ಕರೆದು ಎಷ್ಟು ಕಾಲವಾಯಿತು! ಕಾಲುವೆಗೆ ಬಿದ್ದ ನಾನು ಮುಳುಗದೆ ತೇಲಿದೆ ಎಂದು ಅಪ್ಪ ಇಟ್ಟ ಹೆಸರು. ನನ್ನನ್ನು ಹಿಡಿಯಲು ಹಿಂದೆಯೇ ಧುಮುಕಿದ ನೀನು ಸೀಸದ ಹಾಗೆ ತಳಕ್ಕೆ ಹೋದೆ. ನಿನ್ನನ್ನು ಎತ್ತಲು ಅಪ್ಪನೇ ಹಾರಬೇಕಾಯಿತು. ಅಂದಿನಿಂದ ನೀನು ಗುಂಡು. "ಬರೀ ಬೆಂಡು ನೀರಿನ ಮೇಲೆ ಅಡ್ಡ ಮಲಗುತ್ತೆ ಕಣ್ರೇ. ಕೆಳಗೆ ಗುಂಡು ಕಟ್ಟಿದ್ರೇನೇ ನೆಟ್ಟಗೆ ನಿಲ್ಲೋದು" ಎಂದು ಅಪ್ಪ ಗಾಳದ ದಾರದ ಬೆಂಡು, ಸೀಸದ ಗುಂಡು ಎರಡನ್ನೂ ಕೈಯಲ್ಲಿ ಹಿಡಿದು ತೋರಿಸುತ್ತಿದ್ದ.

ಸುತ್ತುವುದು ಹೀಗೆ. ಉಂಗುರದ ಕಾಲನ್ನು ಕೋಲಿಗೆ ಒತ್ತಿ ಹಿಡಿದು, ಸುತ್ತಿನ ಪಕ್ಕ ಸುತ್ತು ಬಿಗಿಯಾಗಿ ಕೂರಿಸುತ್ತಾ ಬಾ. ಮುಗಿಯುವುದಕ್ಕೆ ಸ್ವಲ್ಪ ಮೊದಲು ಬೇರೊಂದು ದಾರವನ್ನು ಕುಣಿಕೆ ಮಾಡಿ ಇಟ್ಟು, ಅದರ ಮೇಲೆ ಉಳಿದ ಸುತ್ತು ಹಾಕು. ದಾರದ ಕೊನೆಯನ್ನು ಕುಣಿಕೆಗೆ ಪೋಣಿಸಿ, ಕುಣಿಕೆಯನ್ನೇ ಎಳೆದುಬಿಡು. ಕೊನೆ ಸುತ್ತುಗಳ ಕೆಳಗೆ ಹೋಗಿ ಅಡಗಿಕೊಳ್ಳುತ್ತದೆ. ಮೇಲೆ ನೇಲ್ ಪಾಲಿಶ್ ಬಳಿ.

ಈಗ ನನ್ನ ಪ್ರಶ್ನೆ. ಇದನ್ನೆಲ್ಲ ನನಗೆ ಕಲಿಸಿದವಳೇ ನೀನು, ಮರೆತಿರಲಿಕ್ಕಿಲ್ಲ. ನಿನ್ನ ಕಾಗದದ ಸಾಲುಗಳು ಒಂದರ ಮೇಲೊಂದು ಹತ್ತಿವೆ. ಕೊನೆಯ ಸಾಲಿನ ಅರ್ಧ ಪದಗಳೇ ಇಲ್ಲ, ಮೇಜಿನ ಮೇಲೆ ಬರೆದಿದ್ದೀಯ ಅಂತ ಕಾಣುತ್ತದೆ. ಅಳತೆಪಟ್ಟಿ ಇಲ್ಲದೆ ಬಟ್ಟೆಯ ಮೇಲೆ ನೇರ ಗೆರೆ ಎಳೆಯುತ್ತಿದ್ದ ಕೈ ಅದು. ನಿನ್ನ ಕಣ್ಣಿಗೆ ಏನಾಗಿದೆ?

ನೀನ್ಯಾರು ಕೇಳಲು ಅನ್ನುವೆಯೇನೋ. ಅಪ್ಪ ಹೋದ ದಿನ ಬಾಗಿಲಲ್ಲಿ ನಿಂತು, "ಅತಿಥಿ ಹಾಗೆ ಬಂದಿದ್ದೀಯ, ಅತಿಥಿ ಹಾಗೇ ಉಂಡು ಹೋಗು" ಅಂದೆ ನೀನು. ನಾನು ಹೊರಟುಹೋದೆ. ಆ ಮಾತು ಇಂದಿಗೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗಿದೆ. ಆದರೂ ಕೇಳುತ್ತಿದ್ದೇನೆ.

ಬೆಂಡು


ಫೆಬ್ರವರಿ ೧೦

ಬೆಂಡು,

ಪೊರೆ ಬಂದಿದೆ. ಎರಡೂ ಕಣ್ಣಿಗೆ. ಡಾಕ್ಟರಮ್ಮ, "ಬೇಗ ಆಪರೇಷನ್ ಮಾಡಿಸಿಕೊಳ್ಳಿ, ತಡ ಮಾಡಿದಷ್ಟೂ ಕಷ್ಟ" ಅಂದರು. ಹೂಂ ಅಂದು ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಹೇಳಿದ್ದಾಯಿತು, ಈಗ ಸಮಾಧಾನವೇ?

ಮಾಡಿಸಿಕೊಳ್ಳುವುದಿಲ್ಲ. ಅಮ್ಮನ ಕಣ್ಣಿನ ಆಪರೇಷನ್ ನೀನು ನೋಡಿಲ್ಲ, ಆಗ ಹಾಸ್ಟೆಲಿನಲ್ಲಿದ್ದೆ. ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಮ್ಮ ಗಳಿಗೆಗೊಮ್ಮೆ "ಇದ್ದೀಯಾ?" ಅನ್ನುತ್ತಿದ್ದಳು. ನಾನು "ಇದ್ದೀನಮ್ಮ" ಅನ್ನಬೇಕು. ಸುಮ್ಮನಿದ್ದರೆ ಹಾಸಿಗೆಯನ್ನೆಲ್ಲ ತಡವುತ್ತಿದ್ದಳು. ಪಟ್ಟಿ ಬಿಚ್ಚಿದ ಮೇಲೂ ಮುಖ ನನ್ನ ಕಡೆಗೇ ಇಟ್ಟುಕೊಂಡು "ಇದ್ದೀಯಾ?" ಅಂದಳು. ಆ ಕಣ್ಣು ಬರಲೇ ಇಲ್ಲ. ನನಗೆ ಭಯ ಕಣೇ. ಅಮ್ಮನಿಗಾದರೆ ನಾನಿದ್ದೆ. ನಾನು ಕೇಳಿದರೆ ಗೋಡೆ ಉತ್ತರ ಕೊಡಬೇಕು.

ಕಾಲ ಬದಲಾಗಿದೆ, ಈಗೆಲ್ಲ ಸುಲಭ ಎಂದು ನೀನು ಶುರು ಮಾಡುತ್ತೀಯ. ನಿನ್ನದು ಉಡದ ಪಟ್ಟು. ಅದಕ್ಕೇ ಅಪ್ಪನ ನ್ಯಾಯಕ್ಕೆ ಬಾ. ನಮ್ಮಿಬ್ಬರಿಗೆ ಜಗಳ ಹತ್ತಿದಾಗ ಅಪ್ಪ ಏನು ಮಾಡುತ್ತಿದ್ದ? ಒಂದು ಕೊಕ್ಕೆ, ಒಂದು ಮೊಳ ನೈಲಾನ್ ದಾರ ಕೊಟ್ಟು ಗಂಟು ಕಟ್ಟಿಸುತ್ತಿದ್ದ. ಒಬ್ಬಳು ಕಟ್ಟಿದ್ದನ್ನು ಇನ್ನೊಬ್ಬಳು ಬಾಗಿಲ ಮೊಳೆಗೆ ಸಿಕ್ಕಿಸಿ, ಅಂಗಡಿಯ ದೊಡ್ಡ ಸುತ್ತಿಗೆಯನ್ನು ದಾರಕ್ಕೆ ತೂಗಿಬಿಡಬೇಕು. ಅಪ್ಪನ ಚಹಾ ಮುಗಿಯುವವರೆಗೆ ನಿಂತರೆ ಕಟ್ಟಿದವಳು ಗೆದ್ದಳು, ಜಾರಿದರೆ ಸೋತಳು. ಸೋತವಳು ಗೊಣಗದೆ ಹೇಳಿದ ಹಾಗೆ ಕೇಳಬೇಕು. ತನ್ನ ಗಂಟನ್ನು ತಾನೇ ತೂಗಿ ನೋಡುವ ಹಾಗಿಲ್ಲ.

ಅಪ್ಪನ ಆ ಸುತ್ತಿಗೆ ನಿನ್ನ ಹತ್ತಿರವೇ ಇದೆ. ಕಣ್ಣು ನನ್ನದು, ಆದ್ದರಿಂದ ಗಂಟೂ ನನ್ನದೇ. ಇದರ ಜೊತೆಗಿಟ್ಟಿದ್ದೇನೆ. ಜಾರಿದರೆ ಆಪರೇಷನ್. ನಿಂತರೆ ನೀನು ಕಣ್ಣಿನ ಸುದ್ದಿ ಎತ್ತಕೂಡದು.

ಗುಂಡು


ಫೆಬ್ರವರಿ ೨೨

ಅಕ್ಕಾ,

ಕೊಕ್ಕೆಯನ್ನು ಅಡುಗೆಮನೆ ಬಾಗಿಲ ಮೊಳೆಗೆ ಸಿಕ್ಕಿಸಿ, ದಾರದ ಇನ್ನೊಂದು ತುದಿಗೆ ಸುತ್ತಿಗೆ ಕಟ್ಟಿ ಮೆಲ್ಲಗೆ ಕೈಬಿಟ್ಟೆ. ಚಹಾ ಮಾಡಿಕೊಂಡು ಎದುರಿಗೆ ಕೂತೆ. ಅಪ್ಪನ ಹಾಗೆ ತಟ್ಟೆಗೆ ಸುರಿದು ಊದಿ ಊದಿ ಕುಡಿದೆ. ನಿಜ ಹೇಳುತ್ತೇನೆ, ನೀನು ಸೋಲಲಿ ಅಂತ ಎದ್ದು ಹೋಗಿ ಬಾಗಿಲನ್ನು ಧಡಾರನೆ ಹಾಕಿ ಬಂದೆ. ಸುತ್ತಿಗೆ ಹೊಯ್ದಾಡಿತು, ಗಂಟು ಕೂದಲೆಳೆಯಷ್ಟೂ ಜಾರಲಿಲ್ಲ.

ಜಾರಿತು ಅಂತ ಬರೆದುಬಿಡಬಹುದಿತ್ತು. ಪೆನ್ನು ಹಿಡಿದೂ ಆಗಿತ್ತು. ಅಪ್ಪನ ಸುತ್ತಿಗೆ ಎದುರಿಗಿಟ್ಟುಕೊಂಡು ಸುಳ್ಳು ಬರೆಯಲು ಕೈ ಬರಲಿಲ್ಲ ಕಣಕ್ಕ.

ಗಂಟನ್ನು ಬೆಳಕಿಗೆ ಹಿಡಿದು ನೋಡಿದೆ. ಕಾಗದದಲ್ಲಿ ಸಾಲುಗಳು ಹತ್ತುತ್ತವೆ, ದಾರದಲ್ಲಿ ಸುತ್ತುಗಳು ಹತ್ತಿಲ್ಲ. ಬಿಗಿಯುವ ಮೊದಲು ಬಾಯಲ್ಲಿಟ್ಟು ಒದ್ದೆ ಮಾಡಿದ್ದೀಯ, ಅದಕ್ಕೇ ಗಾಜಿನ ಹಾಗೆ ಹೊಳೆಯುತ್ತಿದೆ. ನೆನಪಿದೆಯಾ, ನನ್ನ ಗಂಟು ಯಾವಾಗಲೂ ಜಾರುತ್ತಿತ್ತು. "ಒಣ ದಾರ ಎಳೆದ್ರೆ ಉಜ್ಜಿ ಬಿಸಿಯಾಗುತ್ತೆ ಕತ್ತೇ, ಸುಟ್ಟು ಸುರುಳಿಯಾಗುತ್ತೆ. ಆಮೇಲೆ ಮೀನು ಬೇಡ, ಗಾಳಿ ಬೀಸಿದ್ರೂ ಬಿಚ್ಚಿಕೊಳ್ಳುತ್ತೆ" ಎಂದು ನೀನು ನನ್ನ ತಲೆಗೆ ಮೊಟಕುತ್ತಿದ್ದೆ. 'ಉಗುಳು ಹಚ್ಚದ ಗಂಟು, ಊರಿಲ್ಲದ ನಂಟು' ಅಂತ ಹಾಡು ಬೇರೆ ಕಟ್ಟಿದ್ದೆ. ನಾನು ಅದನ್ನು ಶಾಲೆಯ ತನಕ ಹಾಡಿಕೊಂಡು ಹೋಗಿ ಟೀಚರ್ ಹತ್ತಿರ ಬೈಸಿಕೊಂಡಿದ್ದೆ.

ನಾನು ಸೋತೆ. ಇನ್ನು ಆ ಸುದ್ದಿ ಎತ್ತುವುದಿಲ್ಲ.

ಬೆಂಡು


ಮಾರ್ಚ್ ೮

ಬೆಂಡು,

ನಾನು ಹೇಳಿರಲಿಲ್ಲವೇ! ಅಕ್ಕನ ಗಂಟು ಅಂದರೆ ಏನೆಂದುಕೊಂಡೆ?

ಉಂಗುರ ಕೂತಿದೆ. ನೀನು ಹೇಳಿದ ಹಾಗೆ ಸುತ್ತಿದೆ. ಸ್ವಲ್ಪ ಸೊಟ್ಟ ಇರಬಹುದು, ಬೆರಳಿಗೆ ಸೊಟ್ಟ ಅನ್ನಿಸುತ್ತದೆ. ಸೀಸದ ಗುಂಡುಗಳೂ ಚೀಲದಲ್ಲೇ ಇದ್ದವು. ಅಪ್ಪ ಬೂಟ್ ಪಾಲಿಶ್ ಡಬ್ಬಿಯ ಮುಚ್ಚಳದಲ್ಲಿ ಹಳೆಯ ಪೈಪಿನ ಸೀಸ ಕರಗಿಸಿ, ಒದ್ದೆ ಮರಳಿಗೆ ಪೆನ್ಸಿಲ್ ಚುಚ್ಚಿದ ತೂತುಗಳಿಗೆ ಹುಯ್ಯುತ್ತಿದ್ದನಲ್ಲ, ಆಗ ಚುಸ್ ಅನ್ನುತ್ತಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. "ದೂರ ನಿಲ್ರೇ, ದೂರ ನಿಲ್ರೇ" ಅನ್ನುತ್ತಲೇ ಹತ್ತಿರ ಕರೆದು ತೋರಿಸುತ್ತಿದ್ದ.

ಆದರೆ ಬೆಂಡಿನ ಕಥೆ ನೆನೆದು ಇವತ್ತು ಒಬ್ಬಳೇ ನಕ್ಕೆ. ಅಪ್ಪನ ಎಡಗಾಲಿನ ರಬ್ಬರ್ ಚಪ್ಪಲಿಯ ಹಿಮ್ಮಡಿಯಲ್ಲಿ ಒಂದು ಪದರ ಕೊಯ್ದು ಬೆಂಡು ಮಾಡಿದೆವು. ಮಾರನೆಯ ದಿನ ಅಪ್ಪ ಒಂದೇ ಕಡೆಗೆ ವಾಲಿಕೊಂಡು ನಡೆದ. ಸೊಂಟ ಹಿಡಿದಿದೆ ಎಂದು ಅಮ್ಮನಿಂದ ಎಣ್ಣೆ ತಿಕ್ಕಿಸಿಕೊಂಡ. ನಾವು ಬಾಗಿಲ ಹಿಂದೆ ಬಾಯಿಗೆ ಬಟ್ಟೆ ತುರುಕಿಕೊಂಡು ನಿಂತಿದ್ದೆವು. ಗೊತ್ತಾದ ಮೇಲೆ ಬೈಯಲಿಲ್ಲ, "ಬಲಗಾಲಿಂದೂ ಕೊಯ್ದುಬಿಡಿ ಅತ್ಲಾಗೆ, ಸರಿಸಮ ಆಗ್ಲಿ" ಅಂದ.

ಅಂಗಡಿಯಲ್ಲಿ ಎಲ್ಲ ಚೆನ್ನಾಗಿದೆ. ಮೇಷ್ಟರೊಬ್ಬರ ಬಿಳಿ ಅಂಗಿಯ ಕಾಲರಿಗೆ ಹಳದಿ ದಾರ ಹಾಕಿದೆನಂತೆ. ಅವರು, "ಇರಲಿ ಬಿಡಿ ಅಮ್ಮ, ಹೊಸ ಫ್ಯಾಷನ್ನು" ಅಂತ ಹಾಗೇ ತೊಟ್ಟುಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ದಾರದ ಉಂಡೆಗಳನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತೇನೆ. ಇದಕ್ಕೆ ನೀನು ಉತ್ತರ ಬರೆಯುವ ಹಾಗಿಲ್ಲ, ಸೋತಿದ್ದೀಯ.

ಗುಂಡು


ಮಾರ್ಚ್ ೩೦

ಅಕ್ಕಾ,

ಉತ್ತರ ಬರೆಯುವುದಿಲ್ಲ. ಪಾರ್ಸೆಲ್ ಕಳಿಸಿದ್ದೇನೆ. ಕೈ ಹಾಕುವಾಗ ಹುಷಾರು, ಕೊಕ್ಕೆಗಳಿವೆ.

ಹಳೆಯ ಚಪ್ಪಲಿಯ ತುಂಡಿಗೆ ಕೊಕ್ಕೆಗಳನ್ನು ಸಾಲಾಗಿ ಚುಚ್ಚಿದ್ದೇನೆ, ಸಣ್ಣದರಿಂದ ದೊಡ್ಡದಕ್ಕೆ. ಸಣ್ಣದರ ಕಡೆ ಅಂಚನ್ನು ಕಚ್ಚು ಮಾಡಿದೆ, ಬೆರಳಿಟ್ಟರೆ ಗೊತ್ತಾಗುತ್ತದೆ. ದಾರಕ್ಕೆ ಮೊಳಕ್ಕೊಂದು ಪುಟ್ಟ ಗಂಟಿದೆ. ಎಷ್ಟು ದಾರ ನೀರಿಗೆ ಹೋಯಿತೆಂದು ಬೆರಳಿನಲ್ಲೇ ಎಣಿಸಬಹುದು. ಬೆಂಡನ್ನು ಇಂಜೆಕ್ಷನ್ ಬಾಟಲಿಗಳ ರಬ್ಬರ್ ಬಿರಡೆಯಲ್ಲಿ ಮಾಡಲು ಹೋದೆ, ಅದು ಮುಳುಗಿತು. ಕೊನೆಗೆ ಪಾರ್ಸೆಲ್ಲಿಗೆ ಬಂದ ಥರ್ಮೋಕೋಲನ್ನು ಉರುಟಾಗಿ ಉಜ್ಜಿ, ಪಕ್ಷಿಯ ಗರಿಯ ಕಡ್ಡಿ ತೂರಿಸಿದೆ. ನೇಲ್ ಪಾಲಿಶ್ ಸೀದಾ ಬಳಿದರೆ ಅದು ಕರಗಿಹೋಗುತ್ತದೆ, ಅದಕ್ಕೇ ಮೊದಲು ಕಾಗದದ ಚೂರು ಅಂಟಿಸಿ ಆಮೇಲೆ ಬಳಿದೆ. ಅಪ್ಪನ ಸೈಕಲ್ಲಿನ ಕೆಂಪೇ ಬೇಕೆಂದು ಹುಡುಕಿ ತಂದದ್ದು. ಬಾಟಲಿಯ ಚೀಟಿ ಓದಲು ತೋಳುದ್ದ ದೂರ ಹಿಡಿಯಬೇಕಾಯಿತು, ಅಷ್ಟು ಸಣ್ಣ ಅಕ್ಷರ.

ಇನ್ನೊಂದು ಇದೆ. ನಮ್ಮ ಔಷಧಿ ಅಂಗಡಿಯ ಬಾಗಿಲಿಗೆ ಹಿತ್ತಾಳೆಯ ಪುಟ್ಟ ಗಂಟೆಗಳ ಗೊಂಚಲು ಇತ್ತು. ಕರೆಂಟಿನ ಗಂಟೆ ಬಂದ ಮೇಲೆ ಅದನ್ನು ಬಿಸಾಕಿದ್ದರು. ಅದರಿಂದ ಒಂದನ್ನು ಬಿಚ್ಚಿ ಬಟ್ಟೆ ಒಣಗಿಸುವ ಕ್ಲಿಪ್ಪಿಗೆ ಕಟ್ಟಿದ್ದೇನೆ. ಅದನ್ನು ಕೋಲಿನ ತುದಿಗೆ ಸಿಕ್ಕಿಸು. ಮೀನು ಕಚ್ಚಿದರೆ ಗಂಟೆ ಬಾರಿಸುತ್ತದೆ. ಬೆಂಡು ಕಾಣಲೇಬೇಕೆಂದಿಲ್ಲ.

ಬೆಂಡು


ಏಪ್ರಿಲ್ ೬

ನಿನಗೆ,

ಗಂಟೆ ಕಳಿಸಿದ್ದೀಯ. ಬೆಕ್ಕಿಗೆ ಕಟ್ಟುವ ಹಾಗೆ.

ನಾನು ಕುರುಡಿ ಅಂತ ಅಲ್ಲೇ ಕೂತು ತೀರ್ಮಾನ ಮಾಡಿಬಿಟ್ಟೆಯಾ? ಕಚ್ಚು ಮಾಡಿದ ಚಪ್ಪಲಿ, ಎಣಿಸುವ ದಾರ! ಇದನ್ನೆಲ್ಲ ಕಳಿಸು ಎಂದು ನಿನ್ನನ್ನು ಯಾರು ಕೇಳಿದರು? ಪಾರ್ಸೆಲ್ಲನ್ನು ಮತ್ತೆ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇನೆ. ಉತ್ತರ ಬೇಡ.

ನಿನ್ನ ಅಕ್ಕ


ಮೇ ೩

ಬೆಂಡು,

ಹಿಂದಿನ ಕಾಗದ ಹರಿದುಹಾಕು. ಇಷ್ಟು ಹೊತ್ತಿಗೆ ಹರಿದಿರದಿದ್ದರೆ.

ಭಾನುವಾರ ಬೆಳಗ್ಗೆ ಪಾರ್ಸೆಲ್ ಇಳಿಸಿ, ಕೋಲು ಹಿಡಿದು ಕಾಲುವೆಗೆ ಹೋದೆ. ಕಬ್ಬಿಣದ ಸೇತುವೆಯ ಕೆಳಗೆ, ನಮ್ಮ ಕಲ್ಲಿನ ಮೇಲೆ ಕೂತೆ. ಕಲ್ಲು ಮೊದಲಿಗಿಂತ ಗಟ್ಟಿಯಾಗಿದೆ, ಇಲ್ಲವೇ ನಾನು ಮುದಿಯಾಗಿದ್ದೇನೆ. ಕೊಕ್ಕೆಯನ್ನು ಬೆರಳಲ್ಲೇ ಆರಿಸಿದೆ, ದಾರವನ್ನು ಬೆರಳಲ್ಲೇ ಎಣಿಸಿ ಬಿಟ್ಟೆ. ನೀನು ಮಾಡಿದ್ದು ಒಂದೂ ಕೈಕೊಡಲಿಲ್ಲ. ಬೆಂಡು ಎಲ್ಲಿದೆ ಅಂತ ಮಾತ್ರ ಗೊತ್ತಾಗಲಿಲ್ಲ. ನೀರೆಲ್ಲ ಹಾಲಿನ ಹಾಗೆ ಕಂಡಿತು.

ಗಂಟೆ ಬಾರಿಸಿತು ಕಣೇ! ಎಳೆದೆ, ಒಳ್ಳೆಯ ಮೀನು, ಕೋಲು ಬಿಲ್ಲಾಯಿತು. ಪಕ್ಕದಲ್ಲಿ ದೋಣಿಗೆ ಡಾಂಬರು ಬಳಿಯುತ್ತಿದ್ದವನು, "ಅಬ್ಬಾ, ಏನ್ ಹೊಳೀತಾ ಇದೆ ನೋಡಿ ಅಮ್ಮ!" ಎಂದು ಕೂಗಿದ.

ನೋಡಿ ಅಂದ. ಎಲ್ಲಿ ನೋಡಲಿ? ನೀರಿನಿಂದ ಮೇಲೆ ಬಂದ ಕ್ಷಣ ಮೀನಿನ ಮೈಮೇಲೆ ಒಂದು ಹೊಳಪು ಇರುತ್ತದೆ, ಆಮೇಲೆ ಮಾಸುತ್ತದೆ. "ಹಿಡಿಯೋದು ಹೊಟ್ಟೆಗೆ, ಇದು ಕಣ್ಣಿಗೆ" ಎಂದು ಅಪ್ಪ ನಮ್ಮ ಮುಖ ಹಿಡಿದು ಆ ಕಡೆ ತಿರುಗಿಸುತ್ತಿದ್ದ. ನನ್ನ ಕೈಯಲ್ಲಿ ಒದ್ದೆಯಾದ ಒಂದು ಭಾರ ಒದ್ದಾಡಿತು, ಅಷ್ಟೇ. ಬಿಟ್ಟುಬಿಟ್ಟೆ. ಅಲ್ಲೇ ಕೂತು ಅತ್ತೆ. ದೋಣಿಯವನು ಕೊಕ್ಕೆ ಚುಚ್ಚಿತೆಂದುಕೊಂಡು ಡಾಂಬರಿನ ಕೈಯಲ್ಲೇ ಓಡಿಬಂದ.

ಇರಲಿ. ವಿಷಯ ಏನೆಂದರೆ, ಒಂ‌ದೇ ಗಂಟಿಗೆ ತೀರ್ಪು ಕೊಡುವುದು ಅಪ್ಪನ ಪದ್ಧತಿಯೇ ಅಲ್ಲ. ಇನ್ನೊಂದು ಸಲ ತೂಗುತ್ತಿದ್ದ. ನಿನಗೆ ಮರೆತಿದೆ, ನನಗೆ ನೆನಪಿದೆ. ಇದರಲ್ಲಿ ಇನ್ನೊಂದು ಗಂಟು ಇಟ್ಟಿದ್ದೇನೆ, ತೂಗಿ ನೋಡು. ನಿಂತರೆ ಮೊದಲಿನ ಹಾಗೆ. ಜಾರಿದರೆ ಬಾ. ಬರುವುದಾದರೆ ಹಳೆಯ ಬಟ್ಟೆ ತಂದುಕೋ, ಮನೆಯಲ್ಲಿ ಕೆಲಸ ಬಿದ್ದಿದೆ. ಅತಿಥಿಗಳಿಗೆ ಇಲ್ಲಿ ಜಾಗವಿಲ್ಲ.

ಗುಂಡು


ಮೇ ೧೧

ಅಕ್ಕಾ,

ಇನ್ನೊಂದು ಸಲ ತೂಗುವ ಪದ್ಧತಿ ಅಪ್ಪನಿಗೆ ಯಾವತ್ತೂ ಇರಲಿಲ್ಲ. ಇದ್ದಿದ್ದರೆ ನಾನು ಅಷ್ಟು ಸಲ ಪಾತ್ರೆ ತೊಳೆಯುತ್ತಿರಲಿಲ್ಲ. ಆದರೂ ತೂಗಿದೆ.

ಚಹಾಕ್ಕೆ ನೀರು ಕುದಿಯಲೂ ಇಲ್ಲ, ಸುತ್ತಿಗೆ ನೆಲಕ್ಕೆ ಬಿತ್ತು. ಕೆಳಗಿನ ಮನೆಯವರು ಮೇಲೆ ಓಡಿಬಂದರು. ಅವರಿಗೆ ಏನು ಹೇಳಲಿ? "ನಮ್ಮಕ್ಕನ ಗಂಟು ಜಾರಿತು" ಅಂದೆ. ಅಂದವಳೇ ಅತ್ತುಬಿಟ್ಟೆ. ಪಾಪ, ಅವರು ಏನೋ ಕೆಟ್ಟ ಸುದ್ದಿಯೆಂದು ನೀರು ತಂದುಕೊಟ್ಟರು.

ದಾರವನ್ನು ಎತ್ತಿ ಬೆಳಕಿಗೆ ಹಿಡಿದೆ. ತುದಿ ಹೊಳಪಿಲ್ಲದೆ ಮಂಕಾಗಿತ್ತು, ಸುರುಳಿ ಸುತ್ತಿಕೊಂಡಿತ್ತು. ಅದರ ಬಗ್ಗೆ ನಾನು ಏನನ್ನೂ ಕೇಳುವುದಿಲ್ಲ.

ನೀನು ಸೋತೆ. ಸೋತವರು ಗೊಣಗಬಾರದು. ಡಾಕ್ಟರಮ್ಮನಿಗೆ ಹೇಳಿ ದಿನ ಗೊತ್ತು ಮಾಡು, ನಾನು ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಹಳೆಯ ಬಟ್ಟೆ ಕಟ್ಟಿಟ್ಟಿದ್ದೇನೆ. ಕೋಲಿನಿಂದ ಗಂಟೆ ಬಿಚ್ಚಿಡು, ಬೇಕಾಗುತ್ತದೆ.

ಬೆಂಡು


ಜುಲೈ ೨

ಬೆಂಡು,

ನೋಡಿದೆಯಾ ಸಾಲುಗಳನ್ನು? ಅಡಿಯಲ್ಲಿ ಗೆರೆ ಹಾಕಿಲ್ಲ, ಏನೂ ಇಲ್ಲ. ಬಲಗಣ್ಣೊಂದೇ ಇಷ್ಟು ಮಾಡಿದೆ, ಎಡಗಣ್ಣಿಗೆ ಮುಂದಿನ ತಿಂಗಳು.

ನೀನು ಹೋದ ಮೇಲೆ ಮನೆ ನೋಡಿದೆ. ಜೇಡರ ಬಲೆ ಇತ್ತೆಂದೇ ನನಗೆ ಗೊತ್ತಿರಲಿಲ್ಲ, ಗುಡಿಸಿ ತೆಗೆದದ್ದು ನೀನೇ ಇರಬೇಕು, ಮೂಲೆಯಲ್ಲಿ ಒಂದಿಷ್ಟು ಬಿಟ್ಟಿದ್ದೀಯ. ಮೊದಲಿನಿಂದಲೂ ನಿನ್ನ ಕೆಲಸ ಹಾಗೇ. ಮೇಷ್ಟರ ಕಾಲರ್ ಬಿಚ್ಚಿ ಬಿಳಿ ದಾರ ಹಾಕಿಕೊಟ್ಟೆ. "ಹಳೇ ಫ್ಯಾಷನ್ನೇ ಚೆನ್ನಾಗಿತ್ತು ಬಿಡಿ" ಅಂದರು.

ಎದುರಿಗೆ ಹೇಳಲಾಗಲಿಲ್ಲ, ಕಾಗದದಲ್ಲಿ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಬಲಗಣ್ಣಿಗೆ ಪಟ್ಟಿ, ಎಡಗಣ್ಣಿಗೆ ಬರೀ ಮಂಜು, ಹಾಗೆ ಮಲಗಿದ್ದಾಗ ಅಮ್ಮನ ಮಾತು ನನ್ನ ಬಾಯಿಗೆ ಬಂದಿತ್ತು. ಕೇಳಬಾರದೆಂದು ಹಲ್ಲು ಕಚ್ಚಿಕೊಂಡೆ. ಆಗ ಪಕ್ಕದಲ್ಲಿ ಗಂಟೆ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ. ನರ್ಸು ಬಂದು, "ಏನ್ರೀ ಇದು, ಆಸ್ಪತ್ರೇಲಿ ಗಂಟೆ?" ಎಂದು ಗದರಿದಳು. "ನಾನಿದ್ದೀನಿ ಅಂತ ಅಕ್ಕನಿಗೆ ಗೊತ್ತಾಗಬೇಕಲ್ಲ" ಅಂದೆ ನೀನು. ಅಪ್ಪ ಹೋದ ದಿನ ಬಾಗಿಲಲ್ಲಿ ನಿಂತು ನಾನು ಅಂದಿದ್ದ ಮಾತನ್ನು ನುಂಗಿಬಿಡು ಕಣೇ. ಮುಳ್ಳಿನಂತೆ ನಿಂತಿದ್ದರೆ ಒಂದು ತುತ್ತು ಅನ್ನದ ಜೊತೆ ನುಂಗು.

ನಿನ್ನೆ ಕಾಲುವೆಗೆ ಹೋಗಿದ್ದೆ. ಈಗ ಗಂಟೆ ಬೇಕಿಲ್ಲ, ಆದರೂ ತೆಗೆದಿಲ್ಲ. ಮೀನು ಒಂದೂ ಕಚ್ಚಲಿಲ್ಲ, ನಾನೂ ಕೇಳಲಿಲ್ಲ. ಬಿಸಿಲು ಏರುವವರೆಗೆ ನೀನು ಮಾಡಿದ ಬೆಂಡನ್ನೇ ನೋಡುತ್ತಾ ಕೂತಿದ್ದೆ. ಕೆಳಗೆ ಅಪ್ಪನ ಗುಂಡು ಕಟ್ಟಿದ್ದೆ, ನೆಟ್ಟಗೆ ನಿಂತಿತ್ತು.

ಒಂದು ಮಾತು. ಅಪ್ಪನ ಸೈಕಲ್ಲಿನ ಕೆಂಪು ಎಂದು ಬರೆದಿದ್ದೆಯಲ್ಲ, ಅದು ಕೆಂಪಲ್ಲ ಕಣೇ, ಅಪ್ಪಟ ಗುಲಾಬಿ! ಚೀಟಿಯನ್ನು ತೋಳುದ್ದ ದೂರ ಹಿಡಿದು ಓದಿದವಳು ನೀನೇ ತಾನೇ? ಎಡಗಣ್ಣಿಗೆ ನಾನು ಹೋಗುವ ದಿನವೇ ನೀನೂ ಬಂದು ಕಣ್ಣು ತೋರಿಸಿಕೋ. ಆಗುವುದಿಲ್ಲ ಅನ್ನುತ್ತೀಯಾದರೆ ಒಂದು ಗಂಟು ಕಟ್ಟು, ಸುತ್ತಿಗೆಯ ಜೊತೆ ನೀನೇ ತಾ. ನಾನೇ ತೂಗಿ ನೋಡುತ್ತೇನೆ.

ಇಂತಿ ನಿನ್ನ ಅಕ್ಕ,
ಗುಂಡು